ಆಲ್ಡರ್ ನದಿಯ ಹಲಗೆ ಮೇಲೇರಿದ್ದು

ಆಲ್ಡರ್ ನದಿಯ ನೀರು ಐವತ್ತಾರು ಡಿಗ್ರಿ ಫ್ಯಾರನ್‌ಹೀಟಿಗಿಂತ ಹೆಚ್ಚು ಬಿಸಿಯಾಗತಕ್ಕದ್ದಲ್ಲ ಎಂದು ಕಾನೂನಿದೆ. ಎಲ್ಲಿ ಬಿಸಿಯಾಗತಕ್ಕದ್ದಲ್ಲ ಎಂಬುದನ್ನು ಮಾತ್ರ ಕಾನೂನು ಆಲ್ಡರ್ ಕಣಿವೆ ಜಲ ಕಚೇರಿಯ ವಿವೇಚನೆಗೆ ಬಿಟ್ಟಿದೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿಕೊಂಡವರಿಗೆ, ಕಚೇರಿಯು ಸುಮಾರು ನಾಲ್ಕು ಸಾವಿರ ದಿನಗಳಿಂದ ಒಂದು ದಿನವೂ ತಪ್ಪದೆ ಕಾನೂನನ್ನು ಪಾಲಿಸಿಕೊಂಡು ಬಂದಿರುವುದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಕಾನೂನು ಹುಟ್ಟಿದ್ದು ಸಾಲ್ಮನ್ ಮೀನುಗಳ ಸಲುವಾಗಿ. ಸಮುದ್ರದಿಂದ ಇನ್ನೂರು ಮೈಲಿ ಉಪವಾಸವಿದ್ದು ಈಜಿಕೊಂಡು ಬರುವ ಈ ಮೀನುಗಳು ನಡುಬೇಸಿಗೆಯಲ್ಲಿ ನದಿಯ ತಳದ ಜಲ್ಲಿಯನ್ನು ಬಾಲದಿಂದ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ಕೆಲವು ದಿನ ಕಾವಲಿದ್ದು ಸತ್ತುಹೋಗುತ್ತವೆ. ಆಮೇಲೆ ಮೊಟ್ಟೆಗಳಿಗೆ ತಣ್ಣೀರೇ ತಾಯಿ. ಐವತ್ತಾರು ದಾಟಿ ಎರಡು ವಾರ ನಿಂತರೆ ಕಿತ್ತಳೆ ಬಣ್ಣದ ಮೊಟ್ಟೆ ಬಿಳಿಚಿಕೊಂಡು ಕೊಳೆಯುತ್ತದೆ. ಹಾಗೆಂದು ತಣ್ಣೀರಿಗೆ ಬರವೇನಿಲ್ಲ. ಅಣೆಕಟ್ಟಿನ ಹಿಂದೆ ಜಲಾಶಯದ ತಳದಲ್ಲಿ ಬೆರಳು ಮರಗಟ್ಟುವಷ್ಟು ತಣ್ಣನೆಯ ನೀರು ಬೇಕಾದಷ್ಟು ಕೂತಿದೆ. ಕೆಳ ಬಾಗಿಲು ಎಂಬ ಒಂದು ಕಬ್ಬಿಣದ ಬಾಗಿಲನ್ನು ಎತ್ತಿದರೆ ಸಾಕು, ಹೊರಗೆ ಬರುತ್ತದೆ.

ಎತ್ತುವುದಕ್ಕೆ ಒಂದೇ ಅಡ್ಡಿ. ಕೆಳ ಬಾಗಿಲಿನ ನೀರು ಟರ್ಬೈನ್ ಮೇಲೆ ಹಾಯುವುದಿಲ್ಲ, ಆದ್ದರಿಂದ ಕರೆಂಟು ಹುಟ್ಟುವುದಿಲ್ಲ. ಮೇಲಿನ ಬಾಗಿಲಿನ ನೀರು ಹಾಯುತ್ತದೆ, ಆದರೆ ಬಿಸಿಲು ಕುಡಿದು ಬೆಚ್ಚಗಿರುತ್ತದೆ. ಕಣಿವೆಯ ಜನರೆಲ್ಲ ಏಸಿ ಹಾಕಿಕೊಂಡು ಬಾಗಿಲು ಮುಚ್ಚಿಕೊಳ್ಳುವ ಆಗಸ್ಟ್ ಮಧ್ಯಾಹ್ನಗಳಲ್ಲಿ ಕರೆಂಟಿಗೆ ಚಿನ್ನದ ಬೆಲೆ ಬರುತ್ತದೆ, ಮತ್ತು ಮೀನುಗಳು ಏಸಿ ಕೊಳ್ಳುವುದಿಲ್ಲ.

ನೀರಿನ ಬಿಸಿ ಅಳೆಯುವುದಕ್ಕೆ ನದಿಯಲ್ಲಿ ಒಂದು ಹಲಗೆ ನೆಟ್ಟಿದ್ದರು. ಬಿಳಿ ಹಲಗೆ, ನೀಲಿ ಅಕ್ಷರ: 'ತಣ್ಣೀರು ಮೀನುಗಳ ಸಂರಕ್ಷಿತ ನೆಲೆ ಇಲ್ಲಿಂದ ಅಣೆಕಟ್ಟಿನವರೆಗೆ.' ಹಲಗೆಯ ಬುಡಕ್ಕೆ ಕಟ್ಟಿದ ತಾಪಮಾಪಕ ಕಾಲುಗಂಟೆಗೊಮ್ಮೆ ತಾನಾಗಿ ರಾಜಧಾನಿಗೆ ಅಂಕಿ ಕಳಿಸುತ್ತಿತ್ತು. ಅಂಕಿ ಐವತ್ತಾರು ದಾಟಿದರೆ ಏನು ಮಾಡಬೇಕೆಂದು ನಿಯಮದಲ್ಲಿ ಎರಡು ದಾರಿ ಕೊಟ್ಟಿದ್ದರು. (ಅ) ಕೆಳ ಬಾಗಿಲನ್ನು ತಕ್ಷಣ ತೆರೆಯತಕ್ಕದ್ದು. ಅಥವಾ (ಆ) ಹಲಗೆಯನ್ನು ಹೆಚ್ಚು ಸೂಕ್ತವಾದ ಸ್ಥಳಕ್ಕೆ ಸಾಗಿಸತಕ್ಕದ್ದು. ಎರಡನೆಯದನ್ನು ಬರೆದದ್ದು ಹಲಗೆ ಪ್ರವಾಹಕ್ಕೆ ಕೊಚ್ಚಿಹೋದರೆ ಇರಲಿ ಎಂದು. ಬರೆದ ಪುಣ್ಯಾತ್ಮ ನಿವೃತ್ತನಾಗಿದ್ದ.

ಹಲಗೆ ಹೊರುವ ಕೆಲಸ ನೋರೀನ್ ಹ್ಯಾಸ್ಕೆಲ್‌ಳದು. ಐವತ್ತೆಂಟು ವರ್ಷದ ಈ ಹೆಂಗಸು ಇಪ್ಪತ್ತೆರಡು ವರ್ಷದಿಂದ ನದಿಯ ನೀರಳೆಯುತ್ತ ಬಂದವಳು. ಸೊಂಟದ ತನಕ ಬರುವ ರಬ್ಬರ್ ಬೂಟಿನಲ್ಲೇ ಹುಟ್ಟಿದವಳು ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಆ ವರ್ಷ ಜೂನ್ ತಿಂಗಳಲ್ಲಿ ಹಲಗೆ ಅಣೆಕಟ್ಟಿನ ಕೆಳಗೆ ಹನ್ನೆರಡನೇ ಮೈಲಿಯ ರೈಲು ಸೇತುವೆಯ ಹತ್ತಿರವಿತ್ತು. ಜುಲೈ ಮುಗಿಯುವಷ್ಟರಲ್ಲಿ ಮೂರು ಸಲ ಸ್ಥಳ ಸೂಕ್ತವಾಗಿ ನಾಲ್ಕನೇ ಮೈಲಿಗೆ ಬಂದಿತ್ತು. ಅದರ ಕಣ್ಣಳತೆಯಲ್ಲೇ, ಸ್ವಲ್ಪ ಮೇಲಕ್ಕೆ, ಮೊಣಕೈ ತಿರುವು. ಆ ತಿರುವಿನ ಜಲ್ಲಿಯಲ್ಲಿ ನೋರೀನ್ ಇಪ್ಪತ್ಮೂರು ಗೂಡು ಎಣಿಸಿದ್ದಳು. ಒಂದೊಂದು ಗೂಡಿನ ಪಕ್ಕದ ಕಲ್ಲಿಗೂ ಹಳದಿ ಬಣ್ಣ ಬಳಿದಿದ್ದಳು. ಆ ವರ್ಷ ಇಡೀ ನದಿಯಲ್ಲಿದ್ದದ್ದು ಅಷ್ಟೇ ಗೂಡು.

ಆಗಸ್ಟ್ ಎರಡರಂದು ಹಲಗೆಯ ಹತ್ತಿರ ಅಂಕಿ ಐವತ್ತೈದೂವರೆ ಮುಟ್ಟಿತು. ನೋರೀನ್ ಒದ್ದೆ ಬೂಟಿನಲ್ಲೇ ನಿರ್ದೇಶಕರ ಕೋಣೆಗೆ ನುಗ್ಗಿದಳು.

ನಿರ್ದೇಶಕ ಡ್ವೇನ್ ಪ್ರಿಟ್ಚೆಟ್ ಸಜ್ಜನ. ಯಾರ ಮೇಲೂ ದನಿಯೆತ್ತಿದವನಲ್ಲ, ಯಾವ ಬಾಗಿಲನ್ನೂ ಎತ್ತಿದವನಲ್ಲ.

"ಡ್ವೇನ್, ಕೆಳ ಬಾಗಿಲು ತೆಗೆಸಿ," ಅಂದಳು ನೋರೀನ್. "ನಾಳೆ ಮಧ್ಯಾಹ್ನಕ್ಕೆ ದಾಟುತ್ತೆ. ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ ಇದೆ ಅಲ್ಲಿ."

"ಕೂತ್ಕೊಳ್ಳಿ ನೋರೀನ್, ಬಿಸಿಲಲ್ಲಿ ಬಂದಿದೀರ. ನೋಡಿ, ಕೆಳ ಬಾಗಿಲಿನ ನೀರು ಏನೂ ಕೆಲಸ ಮಾಡಲ್ಲ. ಸುಮ್ನೆ ಹರಕೊಂಡು ಹೋಗುತ್ತೆ."

"ನದಿ ಅಂದ್ರೆ ಅದೇ ಅಲ್ವಾ?"

ಡ್ವೇನ್ ಇದನ್ನು ಒಂದು ಕ್ಷಣ ಯೋಚಿಸಿ, ಕಚೇರಿಯ ವ್ಯಾಪ್ತಿಗೆ ಬರದ ವಿಷಯವೆಂದು ಬಿಟ್ಟುಬಿಟ್ಟ. "ನಾಲ್ಕು ಸಾವಿರದನೇ ದಿನಕ್ಕೆ ಇನ್ನು ಹನ್ನೆರಡೇ ದಿನ ಬಾಕಿ. ರಾಜಧಾನಿಯಿಂದ ಹಿತ್ತಾಳೆ ಫಲಕ ಬರ್ತಿದೆ, ಗೊತ್ತಾ? ಆ ಮೊಣಕೈ ತಿರುವಿನ ಜಾಗವೇ ಸರಿಯಿಲ್ಲ. ಯಾವಾಗ ನೋಡಿದ್ರೂ ಬಿಸಿ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಅಂದಳು ನೋರೀನ್.

"ಅದೇ, ನೆಲ ಡೊಂಕಿದ್ರೆ ಬೇರೆ ನೆಲಕ್ಕೆ ಹೋಗೋಣ," ಅಂದ ಡ್ವೇನ್ ಪ್ರಸನ್ನನಾಗಿ. ಆದೇಶಕ್ಕೆ ಸಹಿ ಹಾಕಿದ.

ಮರುದಿನ ಹಲಗೆ ತಿರುವನ್ನು ದಾಟಿ ಮೂರನೇ ಮೈಲಿಗೆ ಹೋಯಿತು. ನೋರೀನ್ ಅದನ್ನು ಹೆಗಲ ಮೇಲಿಟ್ಟುಕೊಂಡು ತನ್ನದೇ ಹಳದಿ ಕಲ್ಲುಗಳ ನಡುವೆ ಹಾದುಹೋದಳು. ಒಂದು ಮೀನು, ಬಾಲವೆಲ್ಲ ಹರಿದು ಬಿಳಿಯಾಗಿದ್ದ ಮುದಿ ತಾಯಿ ಮೀನು, ಅವಳ ಬೂಟಿಗೆ ಮೂತಿ ಗುದ್ದಿ ತನ್ನ ಗೂಡಿನಿಂದ ಆಚೆಗೆ ಓಡಿಸಿತು.

ಹೀಗೆ ಹಲಗೆ ಮೇಲೆ ಹೋದ ಮೇಲೆ ಒಂದು ಕಾನೂನಿನ ತೊಡಕು ಎದ್ದಿತು. ಅದನ್ನು ಎತ್ತಿದವಳು ಕಚೇರಿಯ ವಕೀಲೆ ಸಿಲ್ವಾ ಒಡಾಬಾಶಿಯಾನ್. ಸಂರಕ್ಷಿತ ನೆಲೆ ಹಲಗೆಯಿಂದ ಮೇಲಕ್ಕೆ ಇದ್ದ ಮೇಲೆ, ಹಲಗೆಯಿಂದ ಕೆಳಗಿರುವ ಮೀನುಗಳನ್ನು ಏನೆಂದು ಕರೆಯುವುದು? ಅವು ಅಲ್ಲಿ ಇರುವಂತಿಲ್ಲ, ಆದರೂ ಇವೆ. ಸಿಲ್ವಾ ಎರಡು ದಿನ ಪುಸ್ತಕ ತಿರುವಿ ನೋಟೀಸು ತಯಾರಿಸಿದಳು. ಬಾಧಿತರಿಗೆ ಮುಖತಃ ತಿಳಿಸಬೇಕೆಂದು ನಿಯಮವಿದ್ದುದರಿಂದ ನೋರೀನ್ ಕೈಗೆ ಒಂದು ಧ್ವನಿವರ್ಧಕ ಕೊಟ್ಟರು. ಸಾಕ್ಷಿಗೆ ಗಿಲ್ ಅಜೆವೆಡೊನನ್ನು ಕಳಿಸಿದರು. ಗಿಲ್ ಅಣೆಕಟ್ಟಿನ ಬಾಗಿಲುಗಳ ಉಸ್ತುವಾರಿಯವನು. ಕೆಳ ಬಾಗಿಲಿನ ಹಿಡಿಗೆ ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ ಗ್ರೀಸು ಹಚ್ಚುತ್ತಿದ್ದ, ಒಂದು ಸಲವೂ ಎಳೆದಿರಲಿಲ್ಲ.

ನೋರೀನ್ ದಡದಲ್ಲಿ ನಿಂತು ಓದಿದಳು:

"ಆಲ್ಡರ್ ನದಿಯ ಮೂರನೇ ಮೈಲಿಯ ಕೆಳಗೆ ಅನಧಿಕೃತವಾಗಿ ವಾಸಿಸುತ್ತಿರುವ ಸಮಸ್ತ ತಣ್ಣೀರು ಮೀನುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಏಳು ದಿನಗಳೊಳಗಾಗಿ ಸಂರಕ್ಷಿತ ನೆಲೆಗೆ ತೆರಳತಕ್ಕದ್ದು. ತಪ್ಪಿದಲ್ಲಿ ತಾವು ಬೆಚ್ಚನೆಯ ನೀರನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿರುವುದಾಗಿ ಭಾವಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಬರಹದ ಮೂಲಕ ಸಲ್ಲಿಸುವುದು."

ನದಿ ಹರಿಯುತ್ತಿತ್ತು. ಗಿಲ್ ಗಡಿಯಾರ ನೋಡಿಕೊಂಡು 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಂಡ.

"ಮೊಟ್ಟೆಗಳ ಗತಿ ಏನೋ?" ಅಂದಳು ನೋರೀನ್. "ಅವು ಎದ್ದು ನಡೀಬೇಕಾ?"

"ಸಿಲ್ವಾನ ಕೇಳಿದೆ ಕಣೇ. ಮೊಟ್ಟೆ ಅಪ್ರಾಪ್ತ, ಅದಕ್ಕೆ ಮೂವತ್ತು ದಿನ ಕೊಟ್ಟಿದಾರೆ."

"ನೀನೊಂದು ಸಲ ಆ ಹಿಡಿ ಎಳೆದುಬಿಡಬಾರದಾ ಗಿಲ್? ಕೈ ಜಾರಿತು ಅಂದ್ಬಿಡು."

"ಆದೇಶ ಇಲ್ದೆ ಎಳೆದ್ರೆ ಪಿಂಚಣಿ ಹೋಗುತ್ತೆ ಮಾರಾಯ್ತಿ. ಆದೇಶ ತಾ, ನಾನು ಹಿಡಿ ಕಿತ್ತು ಬರೋ ಹಾಗೆ ಎಳೀತೀನಿ. ನಂಗೇನು ಆಸೆ ಇಲ್ವಾ? ಹನ್ನೊಂದು ವರ್ಷ ಗ್ರೀಸು ಹಚ್ಚಿದೀನಿ."

ಆಮೇಲಿನ ವಾರ ಬಿಸಿಲು ನೂರಹತ್ತಕ್ಕೆ ಏರಿತು. ಮೂರನೇ ಮೈಲಿ ಸೂಕ್ತವಲ್ಲದ ಸ್ಥಳವಾಯಿತು. ಎರಡನೇ ಮೈಲಿ ಒಂದೂವರೆ ದಿನ ಸೂಕ್ತವಾಗಿತ್ತು. ಹತ್ತನೇ ತಾರೀಖು ಹಲಗೆ ಅಣೆಕಟ್ಟಿನ ಬುಡಕ್ಕೇ ಬಂದು ನಿಂತಿತು. ಅಲ್ಲಿಗೆ ಸಂರಕ್ಷಿತ ನೆಲೆಯ ಒಟ್ಟು ಉದ್ದ ಹದಿನಾಲ್ಕು ಅಡಿ. ಮೊಣಕೈ ತಿರುವಿನಲ್ಲಿ ನೋರೀನ್ ತನ್ನ ಸ್ವಂತ ತಾಪಮಾಪಕ ಅದ್ದಿ ನೋಡಿದರೆ ಐವತ್ತೇಳು ಮುಕ್ಕಾಲು. ಅವಳು ಪೆಟ್ರೋಲ್ ಬಂಕಿನ ಅಂಗಡಿಗೆ ಹೋಗಿ ಅಲ್ಲಿದ್ದ ಐಸಿನ ಚೀಲಗಳನ್ನೆಲ್ಲ ಪಿಕಪ್ಪಿಗೆ ತುಂಬಿಕೊಂಡು ಬಂದು ಒಂದೊಂದಾಗಿ ನದಿಗೆ ಸುರಿದಳು. ನಲವತ್ತು ಚೀಲ. ನದಿ ಒಂದು ಸಲ ಗುಳುಕ್ ಎಂದು ನುಂಗಿ ಸುಮ್ಮನಾಯಿತು. ತಾಪಮಾಪಕ ಕದಲಲೂ ಇಲ್ಲ. ನೋರೀನ್ ಖಾಲಿ ಚೀಲಗಳ ರಾಶಿಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು, ಆಮೇಲೆ ಗಟ್ಟಿಯಾಗಿ ಬೈದಳು. ಬೈಗುಳ ಧ್ವನಿವರ್ಧಕದಲ್ಲಿ ಹೋಯಿತು, ಅದು ಇನ್ನೂ ಅವಳ ಕೊರಳಲ್ಲೇ ನೇತಾಡುತ್ತಿತ್ತು.

ಹನ್ನೆರಡನೇ ತಾರೀಖು ಅಣೆಕಟ್ಟಿನ ಬುಡವೂ ಐವತ್ತಾರಕ್ಕೆ ಹತ್ತಿರವಾಯಿತು. ಕಚೇರಿಯಲ್ಲಿ ತುರ್ತು ಸಭೆ ಸೇರಿತು.

"ಇನ್ನು ಮೇಲೆ ಹೋಗೋಕೆ ನದಿ ಇಲ್ಲ," ಅಂದಳು ನೋರೀನ್. ಅವಳ ದನಿಯಲ್ಲಿ ಆಸೆ ಇತ್ತು. "ಗೋಡೆ ಬಂತು, ಡ್ವೇನ್. ಈಗಲಾದ್ರೂ ಬಾಗಿಲು ತೆಗೀರಿ."

"ಜಲಾಶಯದಲ್ಲಿ ಇಡಬಹುದಲ್ಲ?"

"ಜಲಾಶಯದ ಮೇಲ್ಮೈ ಎಂಬತ್ತು ಡಿಗ್ರಿ. ಜನ ಅಲ್ಲಿ ಟ್ಯೂಬು ಹಾಕ್ಕೊಂಡು ತೇಲ್ತಾ ಇದಾರೆ."

ಅಷ್ಟರಲ್ಲಿ ಮೆಟ್ಟಿಲ ಪಕ್ಕ, ನಕಲು ಯಂತ್ರದ ಬಲಗಡೆ ಇದ್ದ ಕುಡಿಯುವ ನೀರಿನ ಕೂಲರ್ ಗುಟುಗುಟು ಎಂದಿತು. ಡ್ವೇನ್ ನಿಧಾನವಾಗಿ ತಿರುಗಿ ನೋಡಿದ. ಎದ್ದು ಹೋಗಿ ಒಂದು ಲೋಟ ನೀರು ಹಿಡಿದು ನೋರೀನಳ ತಾಪಮಾಪಕ ಇಸಿದುಕೊಂಡು ಅದ್ದಿದ. ನಲವತ್ತೆಂಟು.

"ಸಿಲ್ವಾ," ಅಂದ, "ಇದು ನದಿಯೇ?"

ಸಿಲ್ವಾ ಕೂಲರ್ ಮೇಲೆ ಬೋರಲು ಕೂತಿದ್ದ ದೊಡ್ಡ ಬಾಟಲಿಯ ಚೀಟಿಯನ್ನು ಕನ್ನಡಕ ಏರಿಸಿ ಓದಿದಳು. "'ಆಲ್ಡರ್ ಕಣಿವೆಯ ತಂಪು ಚಿಲುಮೆಯಿಂದ' ಅಂತಿದೆ. ಕಣಿವೆಯ ಚಿಲುಮೆಗಳೆಲ್ಲ ಕೊನೆಗೆ ನದಿಗೇ ಸೇರೋದು. ಆದ್ದರಿಂದ ಇದು ಉಪನದಿ." ಒಂದು ಕ್ಷಣ ಬಿಟ್ಟು, "ಬಾಟಲಿಯಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯಲ್ಪಟ್ಟಿದೆ," ಎಂದು ಸೇರಿಸಿದಳು. ವಕೀಲಿ ಎಂದರೆ ಹೀಗಿರಬೇಕು.

ಅಂದೇ ಸಂಜೆ ಹಲಗೆ ಎರಡನೇ ಮಹಡಿಗೆ ಬಂತು. ಮೆಟ್ಟಿಲ ತಿರುವಿನಲ್ಲಿ ಅದರ ಮೂಲೆ ತಾಗಿ ಗೋಡೆಯ ಸುಣ್ಣ ಉದುರಿತು. ತಾಪಮಾಪಕವನ್ನು ಕೂಲರಿನ ಒಳತೊಟ್ಟಿಗೆ ಇಳಿಬಿಟ್ಟರು. 'ತಣ್ಣೀರು ಮೀನುಗಳ ಸಂರಕ್ಷಿತ ನೆಲೆ' ಎಂಬ ಬರಹದ ಕೆಳಗೆ ನಿಂತು ಜನ ಕಾಗದದ ಲೋಟದಲ್ಲಿ ನೀರು ಹಿಡಿದುಕೊಂಡು ಹೋಗತೊಡಗಿದರು. ರಾಜಧಾನಿಗೆ ನಲವತ್ತೆಂಟು, ನಲವತ್ತೆಂಟು, ನಲವತ್ತೆಂಟು ಎಂದು ಅಂಕಿ ಹೋಯಿತು. ನದಿಯೊಂದು ಬೇಸಿಗೆಯಲ್ಲಿ ಇಷ್ಟು ಸ್ಥಿರವಾಗಿ ತಂಪಾಗಿರುವುದು ಶ್ಲಾಘನೀಯ ಎಂದು ಅಲ್ಲಿಂದ ಉತ್ತರ ಬಂತು.

ಮೊಣಕೈ ತಿರುವಿನಲ್ಲಿ ನೋರೀನ್ ಎರಡು ಗೂಡಿನ ಜಲ್ಲಿ ಬಗೆದು ನೋಡಿದಳು. ಅಂಚಿನ ಮೊಟ್ಟೆಗಳು ಬಿಳಿಚಿದ್ದವು. ಒಳಗಿನವು ಇನ್ನೂ ಕಿತ್ತಳೆ ಬಣ್ಣದಲ್ಲೇ ಇದ್ದವು, ಕೆಲವಕ್ಕೆ ಕಪ್ಪು ಚುಕ್ಕಿಯಂಥ ಕಣ್ಣು ಮೂಡಿತ್ತು. ಇನ್ನೆರಡು ದಿನ, ಹೆಚ್ಚೆಂದರೆ ಮೂರು ದಿನ ತಡೆದಾವು ಎಂದು ಅವಳು ಲೆಕ್ಕ ಹಾಕಿದಳು. ಜಲ್ಲಿಯನ್ನು ಮತ್ತೆ ಮುಚ್ಚಿ ಅಂಗೈಯಿಂದ ಸವರಿದಳು.

ಹದಿನಾಲ್ಕನೇ ತಾರೀಖು ನಾಲ್ಕು ಸಾವಿರದನೇ ದಿನ. ಮಧ್ಯಾಹ್ನ ಎರಡು ಗಂಟೆಗೆ ಎರಡನೇ ಮಹಡಿಯಲ್ಲಿ ಸಮಾರಂಭ. ಸಾಲ್ಮನ್ ಆಕಾರದ ನಿಂಬೆ ಕೇಕು ಬಂದಿತ್ತು, ಹಿತ್ತಾಳೆ ಫಲಕ ಬಂದಿತ್ತು, ದೊಡ್ಡ ಕಾಫಿ ಯಂತ್ರ ಕುದಿಯುತ್ತಿತ್ತು. ನೋರೀನ್ ತನ್ನ ಪಾಲಿನ ಕಾಣಿಕೆಯಾಗಿ ಅಗ್ನಿಶಾಮಕ ಠಾಣೆಯವರ ಪಾಪ್‌ಕಾರ್ನ್ ಯಂತ್ರವನ್ನು ಎರವಲು ತಂದಿದ್ದಳು. ಇಷ್ಟು ದಿನ ಮುಖ ಊದಿಸಿಕೊಂಡಿದ್ದವಳು ಈಗ ಹೊಂದಿಕೊಂಡಳಲ್ಲ ಎಂದು ಡ್ವೇನ್‌ಗೆ ಕಣ್ಣು ತುಂಬಿ ಬಂತು.

ಕಾಫಿ ಯಂತ್ರದ ಪ್ಲಗ್ಗಿನ ಮೇಲೆ 'ಇದರ ಜೊತೆ ಬೇರೇನನ್ನೂ ಹಾಕಬೇಡಿ' ಎಂಬ ಚೀಟಿ ಒಂಬತ್ತು ವರ್ಷದಿಂದ ಇದೆ. ಚೀಟಿಯನ್ನು ಬರೆದವಳು ನೋರೀನ್ ತಾನೇ. ಅವಳು ಪಾಪ್‌ಕಾರ್ನ್ ಯಂತ್ರವನ್ನು ಅಲ್ಲೇ ಹಾಕಿದ್ದು ಬೇಕೆಂದೇ ಎಂದು ಹೇಳುವುದಕ್ಕೆ ಯಾವ ದಾಖಲೆಯೂ ಇಲ್ಲ. ಪಾಪ್‌ಕಾರ್ನಿಗೆ ಉಪ್ಪು ಹಾಕುವಾಗ ಡಬ್ಬಿಯ ಮುಚ್ಚಳ ಕಳಚಿ ಬಿತ್ತು ಎಂಬುದಕ್ಕೆ ಮಾತ್ರ ಸಾಕ್ಷಿಗಳಿದ್ದಾರೆ.

"ತಗೊಳ್ಳಿ, ತಗೊಳ್ಳಿ, ಇಡೀ ಮುಷ್ಟಿ ತಗೊಳ್ಳಿ," ಎನ್ನುತ್ತ ನೋರೀನ್ ಬುಟ್ಟಿ ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋದಳು. ಎರಡು ಗಂಟೆ ಐದು ನಿಮಿಷಕ್ಕೆ ಫ್ಯೂಸು ಹೋಯಿತು. ದೀಪ ಆರಿತು, ಏಸಿ ನಿಂತಿತು, ಕೂಲರಿನ ಗುಟುಗುಟು ನಿಂತಿತು. ಹೊರಗೆ ನೂರಹನ್ನೆರಡು ಡಿಗ್ರಿ. ಡ್ವೇನ್ ಅರೆಬೆಳಕಿನಲ್ಲೇ ಭಾಷಣ ಮುಂದುವರಿಸಿದ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ದೊಡ್ಡವರು ಹೇಳಿದ್ದು ಸುಳ್ಳಲ್ಲ. ಜನ ಒಬ್ಬೊಬ್ಬರಾಗಿ ಕೂಲರಿನ ಕಡೆ ಹೊರಟರು. ಒಂದು ಲೋಟ ತಣ್ಣೀರು ಹೊರಗೆ ಬಂದರೆ ಮೇಲಿನ ಬಾಟಲಿಯಿಂದ ಒಂದು ಲೋಟ ಬೆಚ್ಚನೆಯ ನೀರು ಒಳಗಿಳಿಯುತ್ತಿತ್ತು. ಎರಡೂಕಾಲಿಗೆ ಅಂಕಿ ಐವತ್ತೊಂದು. ನೋರೀನ್ ಇನ್ನೊಂದು ಸುತ್ತು ಬುಟ್ಟಿ ತಿರುಗಿಸಿದಳು. ಎರಡೂವರೆಗೆ ಐವತ್ತನಾಲ್ಕು.

ಮೊದಲು ಗಮನಿಸಿದವಳು ಸಿಲ್ವಾ. ಬಾಯಲ್ಲಿದ್ದ ಕೇಕು ಬಾಯಲ್ಲೇ ಉಳಿಯಿತು.

"ಯಾರೂ ನೀರು ಮುಟ್ಟಬೇಡಿ!" ಎಂದು ಕೂಗಿದಳು. "ಸಂರಕ್ಷಿತ ನೆಲೆಯಿಂದ ಪರವಾನಗಿ ಇಲ್ಲದೆ ನೀರೆತ್ತುತ್ತಾ ಇದೀರಿ!"

ಡ್ವೇನ್ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬಂದು ಕೂಲರಿಗೆ ಅಡ್ಡ ನಿಂತ. ಎದುರಿಗೆ ಮುಂಬಾಗಿಲಿನ ಮೇಜಿನ ಓಪಲ್ ಬಂದು ನಿಂತಳು. ಎಪ್ಪತ್ತೊಂದು ವರ್ಷದವಳು, ಕೈಯಲ್ಲಿ ಒಂದು ಮಾತ್ರೆ.

"ಸ್ವಲ್ಪ ಸರಿಯಪ್ಪ ಡ್ವೇನ್. ಬಿಪಿ ಮಾತ್ರೆ ನುಂಗಬೇಕು."

"ಓಪಲ್, ದಯವಿಟ್ಟು. ಹದಿನೈದು ನಿಮಿಷ ತಡಕೊಳ್ಳಿ. ಕಾಫೀಲಿ ನುಂಗಿ."

"ಕಾಫೀಲಿ ನುಂಗಿದ್ರೆ ಬಿಪಿ ಏರುತ್ತೆ, ದಡ್ಡ. ನಾನು ಇಲ್ಲೇ ಸತ್ರೆ ಆ ಹಲಗೆ ಮೇಲೆ ನನ್ನ ಹೆಸರೂ ಬರೀತೀಯ?"

ಓಪಲ್ ಎರಡು ಲೋಟ ಕುಡಿದಳು. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡಿತೆಂದು ಮೂರನೆಯದನ್ನೂ ಕುಡಿದಳು. ಕೂಲರ್ ದೊಡ್ಡದೊಂದು ಗುಳ್ಳೆ ಬಿಟ್ಟಿತು. ಎರಡೂಮುಕ್ಕಾಲಾಯಿತು. ಐವತ್ತಾರು ದಶಾಂಶ ಮೂರು ಎಂಬ ಅಂಕಿ ತಾನಾಗಿ ರಾಜಧಾನಿಗೆ ಹೊರಟುಹೋಯಿತು.

"ಎರಡನೇ ದಾರಿ, (ಆ)! ಹಲಗೆ ಎತ್ತಿ, ಹಲಗೆ ಎತ್ತಿ!" ಅಂದ ಡ್ವೇನ್. "ಇದಕ್ಕಿಂತ ತಣ್ಣನೆ ಜಾಗ ಯಾವುದಿದೆ?"

"ಫ್ರಿಜ್ಜಿನ ಮೇಲಿನ ಖಾನೆ," ಅಂದರು ಯಾರೋ.

"ಅದು ಮಂಜುಗಡ್ಡೆ. ಕಾನೂನಿನಲ್ಲಿ ನೀರು ಅಂತಿದೆ," ಅಂದಳು ಸಿಲ್ವಾ.

"ಸೋಡಾ?"

"ಸೋಡಾ ಉಪನದಿ ಅಲ್ಲ, ಡ್ವೇನ್. ಹೊರ ರಾಜ್ಯದ್ದು."

ನೋರೀನ್ ಬುಟ್ಟಿ ಕೆಳಗಿಟ್ಟಳು. ಅವಳ ದನಿ ತಣ್ಣಗಿತ್ತು. "ಹಾಗಾದ್ರೆ ಉಳಿದಿದ್ದು ಒಂದೇ ದಾರಿ. ಮೊದಲನೇದು, (ಅ)."

ಡ್ವೇನ್ ನಿಯಮದ ಪುಸ್ತಕ ನೋಡಿದ, ಫಲಕ ನೋಡಿದ, ಸಿಲ್ವಾಳ ಮುಖ ನೋಡಿದ. ಸಿಲ್ವಾ ತಲೆಯಾಡಿಸಿದಳು. ಅವನು ಫೋನೆತ್ತಿ ಅಣೆಕಟ್ಟಿಗೆ ಹಚ್ಚಿದ.

"ಗಿಲ್! ಬಾಗಿಲು ತೆಗಿ!"

"ಯಾವ ಬಾಗಿಲು?"

"ಕೆಳಗಿಂದು! ತಕ್ಷಣ!"

"ಮೀನಿಗಾ?"

"ಮೀನಿಗಲ್ಲ ಮಾರಾಯ, ಕೂಲರಿಗೆ!"

"ಬರಹದಲ್ಲಿ ಕಳಿಸಿ," ಅಂದ ಗಿಲ್. ಡ್ವೇನ್ ಕೇಕಿನ ಕ್ರೀಮು ಮೆತ್ತಿದ ಬೆರಳಿನಲ್ಲೇ ಆದೇಶ ಒತ್ತಿ ಕಳಿಸಿದ: 'ಕಚೇರಿಯ ಕೂಲರಿನ ತಾಪ ಇಳಿಸುವ ಸಲುವಾಗಿ ಕೆಳ ಬಾಗಿಲನ್ನು ಪೂರ್ತಿ ತೆರೆಯುವುದು.' ಎರಡು ಗಂಟೆ ಐವತ್ತೊಂದಕ್ಕೆ ಕಿಟಕಿಯ ಗಾಜು ಅದುರಿತು. ಅರ್ಧ ಮೈಲಿ ಆಚೆ ಅಣೆಕಟ್ಟಿನ ಬುಡದಿಂದ ಬಿಳಿ ನೀರಿನ ಕಂಬವೊಂದು ಭೋರೆಂದು ಹೊರಬಿತ್ತು. ನೋರೀನ್ ಕಿಟಕಿಗೆ ಹಣೆ ಒತ್ತಿ ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಉಳಿದವರೆಲ್ಲ ಅವಳ ಕಡೆ ಬೆನ್ನು ಮಾಡಿ, ಉಸಿರು ಬಿಗಿಹಿಡಿದು ಕೂಲರನ್ನೇ ನೋಡುತ್ತಿದ್ದರು.

ಮೂರು ಗಂಟೆ ಐದು ನಿಮಿಷಕ್ಕೆ ನೋರೀನ್‌ಗೆ ಫ್ಯೂಸಿನ ಪೆಟ್ಟಿಗೆ ಎಲ್ಲಿದೆಯೆಂದು ಇದ್ದಕ್ಕಿದ್ದಂತೆ ನೆನಪಾಯಿತು. ದೀಪ ಬಂತು, ಕೂಲರ್ ಗುಟುಗುಟು ಎಂದಿತು. ಮೂರೂವರೆಗೆ ಅಂಕಿ ಐವತ್ತೈದು, ನಾಲ್ಕಕ್ಕೆ ಐವತ್ತೊಂದು. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಓಪಲ್ ಕಣ್ಣೊರೆಸಿಕೊಂಡಳು.

ಆ ವಾರಾಂತ್ಯ ಡ್ವೇನ್ ಒಂದು ರೇಖಾನಕ್ಷೆ ತಯಾರಿಸಿ ರಾಜಧಾನಿಗೆ ಕಳಿಸಿದ. ಎರಡು ಐವತ್ತೊಂದಕ್ಕೆ ಕೆಳ ಬಾಗಿಲು ತೆರೆದದ್ದು, ಮೂರೂವರೆಗೆ ತಾಪ ಇಳಿದದ್ದು, ಎಲ್ಲ ಕೆಂಪು ಗೆರೆಯಲ್ಲಿ ಸ್ಪಷ್ಟವಾಗಿತ್ತು. ನದಿಗೆ ಬಿಟ್ಟ ನೀರು ನಲವತ್ತು ನಿಮಿಷದೊಳಗೆ ಪರಿಣಾಮ ತೋರಿದ್ದು ರಾಜ್ಯದ ಇತಿಹಾಸದಲ್ಲೇ ಮೊದಲು ಎಂದು ರಾಜಧಾನಿಯವರು ಹೊಗಳಿ ಬರೆದರು. ಶೀಘ್ರ ಕ್ರಮ ಕೈಗೊಂಡದ್ದರಿಂದ ಐವತ್ತಾರು ದಾಟಿದ ಅಂಕಿಗಳನ್ನು ಉಲ್ಲಂಘನೆಯೆಂದು ಎಣಿಸಲಿಲ್ಲ. ಫಲಕ ಗೋಡೆಗೆ ಏರಿತು.

ಸೋಮವಾರ ಬೆಳಿಗ್ಗೆ ಡ್ವೇನ್ ಬಾಗಿಲು ಮುಚ್ಚಿಸಲು ಹೊರಟ. ಕರೆಂಟು ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂದು ಅವನಿಗೆ ನಿದ್ದೆ ಬಂದಿರಲಿಲ್ಲ.

"ಮುಚ್ಚಬಹುದು," ಅಂದಳು ಸಿಲ್ವಾ. "ಆದ್ರೆ ಮುಚ್ಚಿದ ಮೇಲೆ ಕೂಲರ್ ಮತ್ತೆ ಬಿಸಿಯಾದ್ರೆ? ಬಾಗಿಲು ತೆರೆದಿದ್ರಿಂದಲೇ ತಣ್ಣಗಾಯ್ತು ಅಂತ ನಾವೇ ಬರೆದುಕೊಟ್ಟಿದೀವಿ. ಮುಚ್ಚೋ ಆದೇಶಕ್ಕೆ ಯಾರು ಸಹಿ ಹಾಕ್ತಾರೆ?"

ಡ್ವೇನ್ ಲೇಖನಿಯನ್ನು ಜೇಬಿನಿಂದ ತೆಗೆದ, ನೋಡಿದ, ವಾಪಸು ಇಟ್ಟ. ಕಡತ ಮೇಜಿನಿಂದ ಮೇಜಿಗೆ ಹೋಗಿ ಯಾರ ಸಹಿಯೂ ಇಲ್ಲದೆ ವಾಪಸು ಬಂತು. ಹೀಗೆ ಕೂಲರಿನ ಹಿತದೃಷ್ಟಿಯಿಂದ ಕೆಳ ಬಾಗಿಲು ಅಕ್ಟೋಬರ್ ತನಕ ತೆರೆದೇ ಇತ್ತು. ಮೊಣಕೈ ತಿರುವಿನಲ್ಲಿ ನೀರು ಐವತ್ಮೂರಕ್ಕೆ ಇಳಿದು ಅಲ್ಲೇ ನಿಂತಿತು. ನೋರೀನ್ ದಿನಾ ಬೆಳಿಗ್ಗೆ ಕೈ ಅದ್ದಿ ನೋಡುತ್ತಿದ್ದಳು. ಬೆರಳು ಜುಮ್ಮೆಂದರೆ ಬೂಟಿನಲ್ಲೇ ಎರಡು ಹೆಜ್ಜೆ ಕುಣಿದು ಹೊರಡುತ್ತಿದ್ದಳು.

ಅಕ್ಟೋಬರಿನಲ್ಲಿ ಜಲ್ಲಿಯ ಸಂದಿಗಳಿಂದ ಮರಿಗಳು ಎದ್ದುಬಂದವು. ಬೆರಳುಗುರಿನಷ್ಟುದ್ದದ, ಕಣ್ಣೇ ಮೈಯಾದ ಮರಿಗಳು. ನೋರೀನ್ ಬಲೆ ಕಟ್ಟಿ ವಾರಗಟ್ಟಲೆ ಎಣಿಸಿದಳು. ಎರಡು ಗೂಡು ಪೂರ್ತಿ ಹಾಳಾಗಿದ್ದವು, ಉಳಿದ ಗೂಡುಗಳಲ್ಲೂ ಅಂಚಿನವು ಹೋಗಿದ್ದವು. ಬಾಕಿ ಸಿಕ್ಕಿದ್ದು ನಲವತ್ತೊಂದು ಸಾವಿರದ ಮುನ್ನೂರಾರು. ಅವಳು ಹತ್ತು ವರ್ಷದಲ್ಲಿ ಕಂಡ ಅತಿ ದೊಡ್ಡ ಸಂಖ್ಯೆ ಅದು. ಗಿಲ್ ದಡದಲ್ಲಿ ನಿಂತು ಟೋಪಿ ತೆಗೆದು ತಲೆ ಕೆರೆದುಕೊಂಡು, "ಥೂ, ಎಷ್ಟು ಚೆನ್ನಾಗಿವೆಯೇ ಇವು," ಅಂದ.

ಸಮಸ್ಯೆ ಬಂದದ್ದು ವಾರ್ಷಿಕ ವರದಿ ತುಂಬಿಸುವಾಗ. ಒಂಬತ್ತನೇ ನಮೂನೆಯಲ್ಲಿ 'ಸಂರಕ್ಷಿತ ನೆಲೆಯಲ್ಲಿ ಈ ವರ್ಷ ಹುಟ್ಟಿದ ಮರಿಗಳ ಸಂಖ್ಯೆ' ಎಂದು ಒಂದೇ ಖಾನೆಯಿದೆ. ನದಿಗೆ ಖಾನೆಯಿಲ್ಲ. ಸಂರಕ್ಷಿತ ನೆಲೆ ಎಂದರೆ ಮೆಟ್ಟಿಲ ಪಕ್ಕ, ನಕಲು ಯಂತ್ರದ ಬಲಗಡೆ. ನೋರೀನ್ ಲೇಖನಿ ಹಿಡಿದು ಬಹಳ ಹೊತ್ತು ಕೂತಳು. ಇಷ್ಟು ಜೀವಗಳನ್ನು ಎಲ್ಲಿಯೂ ಬರೆಯದೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಕೊನೆಗೆ ಬರೆದಳು: ನೆಲೆಯ ವಿವರ, ಕುಡಿಯುವ ನೀರಿನ ಕೂಲರ್, ಒಂದು. ಮರಿಗಳು, ನಲವತ್ತೊಂದು ಸಾವಿರದ ಮುನ್ನೂರ ಆರು.

ಡ್ವೇನ್ ಆ ಹಾಳೆಯನ್ನು ಎರಡು ಸಲ ಓದಿದ. ಕನ್ನಡಕ ತೆಗೆದ. ಎದ್ದು ಹೋಗಿ ಬಾಗಿಲಿನಿಂದ ಕೂಲರಿನ ಕಡೆ ನೋಡಿ ಬಂದು ಕೂತ. ಸಿಕ್ಕಿಬಿದ್ದೆ ಎಂದುಕೊಂಡಳು ನೋರೀನ್.

"ನೋರೀನ್," ಅಂದ, "ಇಷ್ಟೊಂದು ಮರಿಗೆ ಒಂದು ಕೂಲರ್ ಸಾಲುತ್ತಾ?"

ನೋರೀನ್ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ಇಕ್ಕಟ್ಟಾಗುತ್ತೆ," ಅಂದಳು.

"ಇನ್ನೊಂದು ತರಿಸೋಣ," ಅಂದ ಡ್ವೇನ್, ಸಹಿ ಹಾಕುತ್ತ. "ಮೀನಿನ ವಿಷಯದಲ್ಲಿ ಜುಗ್ಗತನ ಮಾಡಬಾರದು."

ಎರಡನೆಯ ಕೂಲರ್ ನವೆಂಬರಿನಲ್ಲಿ ಬಂತು. ಎರಡರ ನಡುವೆ ಸಿಲ್ವಾ ಒಂದು ಸೂಚನೆ ಅಂಟಿಸಿದಳು: 'ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಮರಿ ಕಂಡುಬಂದಲ್ಲಿ ನಿಧಾನವಾಗಿ ವಾಪಸು ಬಿಡತಕ್ಕದ್ದು.' ಮೊದಲ ದಿನ ಒಬ್ಬಿಬ್ಬರು ನಕ್ಕರು. ಎರಡನೇ ದಿನ ನಗಲಿಲ್ಲ. ಡ್ವೇನ್ ನೋಡಿ ಕುಡಿಯುತ್ತಾನೆ. ಓಪಲ್ ನೋಡಿ ಕುಡಿಯುತ್ತಾಳೆ. ರಾಜಧಾನಿಯಿಂದ ತಪಾಸಣೆಗೆ ಬಂದಿದ್ದ ಅಧಿಕಾರಿ ಕಿಟಕಿಯ ಹತ್ತಿರ ಹೋಗಿ, ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಸಮಾಧಾನವಾದ ಮೇಲೆ ಕುಡಿದು ಹೋದರು. ನೋರೀನ್ ಮೊದಲ ವಾರ ಹಟ ಹಿಡಿದು ನೋಡದೆಯೇ ಕುಡಿದಳು. ಎರಡನೇ ವಾರ ಒಂದು ದಿನ ಲೋಟ ತುಟಿಗೆ ಹೋಗುವ ಮೊದಲು ತಾನಾಗಿ ಬೆಳಕಿನ ಕಡೆ ಏರಿತು.

"ಇದೆಯಾ?" ಅಂದಳು ಹಿಂದೆ ಸಾಲಿನಲ್ಲಿ ನಿಂತಿದ್ದ ಸಿಲ್ವಾ.

"ಇಲ್ಲ," ಅಂದಳು ನೋರೀನ್. ಆದರೂ ಇನ್ನೊಂದು ಸಲ ನೋಡಿ, ಆಮೇಲೆ ಕುಡಿದಳು.